ಹಿಂದಿಯಲ್ಲಿ ಸಿಗದ ಮಾವ

ಮೀರಜ

ಮುಂಬೈಗೆ ಹೋಗಿ ಬಂದದ್ದನ್ನು ಪರದೇಶ ಪ್ರವಾಸ ಎನ್ನುತ್ತೀರಲ್ಲ ಎಂದು ನಗುವವರಿದ್ದಾರೆ. ನಗಲಿ. ನಾನು ಹುಟ್ಟಿದಾಗ ನಮ್ಮ ಧಾರವಾಡ ಮುಂಬೈ ಇಲಾಖೆಯಲ್ಲಿತ್ತು. ಆಮೇಲೆ ದೊಡ್ಡವರು ನಕಾಶೆಯ ಮೇಲೆ ಗೆರೆ ಎಳೆದರು. ನಾವು ಕೂತಲ್ಲೇ ಕೂತಿದ್ದೆವು, ಮುಂಬೈ ಪರರ ಊರಾಯಿತು. ಎಪ್ಪತ್ತರ ದಶಕ ಶುರುವಾಗಿ ಎರಡು ಮೂರು ವರ್ಷವಾಗಿದ್ದಾಗ ಅಲ್ಲಿಗೆ ಹೋಗಿ ಮೂರು ದಿನ ಇದ್ದೆ. ಕಡಲನ್ನು ಮಾತ್ರ ನೋಡಲಿಲ್ಲ. ಮುಂಬೈಗೆ ಹೋಗಿ ಕಡಲು ನೋಡದೆ ಬಂದವನು ಪ್ರವಾಸ ಕಥನ ಬರೆಯಲು ಕೂತರೆ ಓದುವವರು ಯಾರು ಎಂದು ನನ್ನ ಹೆಂಡತಿ ಕೇಳುತ್ತಾಳೆ. ಆದರೂ ಹೇಳಿಕೊಳ್ಳದೆ ಇರಲಾರೆ.

ಹೋದದ್ದು ವೆಂಕಣ್ಣ ಮಾಸ್ತರರ ಜೊತೆ, ಒಂದು ಸಿನಿಮಾ ನೋಡಲಿಕ್ಕೆ. ಮಾಸ್ತರರು ನನಗೆ ಶಾಲೆಯಲ್ಲಿ ಕಲಿಸಿದವರು. ನನ್ನ ಅಪ್ಪ ತೀರಿಕೊಂಡ ಮೇಲೆ ಕಿವಿ ಹಿಡಿದು ಹಿಂದಿ ಪರೀಕ್ಷೆಗಳಿಗೆ ಕೂಡಿಸಿ, ಹೈಸ್ಕೂಲಿನಲ್ಲಿ ಹಿಂದಿ ಪಂಡಿತನನ್ನಾಗಿ ಮಾಡಿದವರೂ ಅವರೇ. ಆಗ ಅವರಿಗೆ ಎಪ್ಪತ್ನಾಲ್ಕು ವರ್ಷ. ಎರಡೂ ಕಣ್ಣಿಗೆ ಪೊರೆ ಬಂದು ಬೆಳಕು ನೆರಳು ಮಾತ್ರ ತಿಳಿಯುತ್ತಿತ್ತು. ಹಿಂದಿ ಬಾರದು. ಅಂಥವರು ಇಷ್ಟು ದೂರ ಸಿನಿಮಾಕ್ಕೆ ಹೊರಟದ್ದು ಅದು ಅವರ ಕಾದಂಬರಿಯ ಸಿನಿಮಾ ಎಂಬ ಒಂದೇ ಕಾರಣಕ್ಕೆ. ಧಾರವಾಡಕ್ಕೆ ಬರುವ ತನಕ ಕಾಯೋಣ ಎಂದರೆ, ಅಷ್ಟೊತ್ತಿಗೆ ನಾನು ಇರಬೇಕಲ್ಲ ಎಂದರು.

ಮಾಸ್ತರರು ಬದುಕಿನಲ್ಲಿ ಬರೆದದ್ದು ಒಂದೇ ಕಾದಂಬರಿ, ಅದೂ ಪತ್ತೇದಾರಿ. ನಲವತ್ತು ವರ್ಷ ನಮ್ಮ ಕಡೆ ಅದನ್ನು ಓದದವರಿರಲಿಲ್ಲ. ಕತೆ ಸಣ್ಣದು. ಧಾರವಾಡದ ಓಣಿಯೊಂದರಲ್ಲಿ ಒಬ್ಬ ವ್ಯಾಪಾರಸ್ಥನಿಗೆ ಯಾರೋ ವಿಷ ಹಾಕುತ್ತಾರೆ. ಅವನು “ಮಾವ” ಎಂದು ಪ್ರಾಣ ಬಿಡುತ್ತಾನೆ. ಅವನಿಗೂ ಅವನ ಹೆಂಡತಿಯ ತಂದೆ ದೇಸಾಯರಿಗೂ ಜಗಳವಿದ್ದದ್ದು ಊರಿಗೆಲ್ಲ ಗೊತ್ತು, ದೇಸಾಯರನ್ನು ಹಿಡಿದು ಒಯ್ಯುತ್ತಾರೆ. ಆಗ ನಿವೃತ್ತ ಶಿರಸ್ತೇದಾರನೊಬ್ಬ, ದಮ್ಮಿನ ರೋಗಿ, ಹತ್ತು ಹೆಜ್ಜೆಗೊಮ್ಮೆ ಜಗಲಿಗಳ ಮೇಲೆ ಕೂತು ದಣಿವಾರಿಸಿಕೊಳ್ಳುತ್ತ, ಮನೆಮನೆಯ ಮಾತು ಕೇಳುತ್ತ, ಒಂದು ಸಂಗತಿ ಕಂಡುಹಿಡಿಯುತ್ತಾನೆ. ಸತ್ತವನು ಹೆಂಡತಿಯ ತಂದೆಯನ್ನು ಯಾವತ್ತೂ ಮಾವ ಎಂದು ಕರೆದದ್ದಿಲ್ಲ. “ದೇಸಾಯರ” ಎನ್ನುತ್ತಿದ್ದ. ಸಣ್ಣಂದಿನಿಂದ ಮಾವ ಎಂದು ಕರೆದದ್ದು ತಾಯಿಯ ತಮ್ಮನನ್ನು, ತನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನನ್ನು. ಕೊಲೆಗಾರ ಅವನೇ.

ಈ ಕತೆಯನ್ನು ಮುಂಬೈಯ ನಿರ್ಮಾಪಕರೊಬ್ಬರು ಕೇಳಿದಾಗ ಮಾಸ್ತರರು ಒಂದೇ ಒಂದು ಕರಾರು ಹಾಕಿದರು. ಏನು ಬೇಕಾದರೂ ಬದಲಿಸಲಿ, ಕೊಲೆಗಾರನನ್ನು ಬದಲಿಸಬಾರದು. ಹಿಂದಿಗೆ ಅನುವಾದಿಸುವವನು, ಅವರ ಪರವಾಗಿ ಪತ್ರ ಬರೆಯುವವನು ನಾನು. ಅನುವಾದ ಮೊದಲನೇ ಪುಟದಲ್ಲೇ ಎಡವಿತು. ಹಿಂದಿಯಲ್ಲಿ ತಾಯಿಯ ತಮ್ಮ ಮಾಮಾ, ಹೆಂಡತಿಯ ತಂದೆ ಸಸುರ್. ಮಾಮಾ ಎಂದು ಬರೆದರೆ ಕಳ್ಳ ಬಾಗಿಲಲ್ಲೇ ಸಿಕ್ಕಿಬಿದ್ದ. ಸಸುರ್ ಎಂದು ಬರೆದರೆ ನಾನೇ ಓದುಗನಿಗೆ ಮೋಸ ಮಾಡಿದ ಹಾಗೆ. ಮುಂಬೈಯಿಂದ ಪತ್ರ ಬಂತು: ಈ ಶಬ್ದ ನಡೆಯುವುದಿಲ್ಲ, ಮನೆಯ ಡಾಕ್ಟರನನ್ನು ಕೊಲೆಗಾರ ಮಾಡುತ್ತೇವೆ, ಒಪ್ಪಿಗೆ ಕೊಡಿ, ಸಂಭಾಷಣೆ ಬರೆದವರೆಂದು ನಿಮ್ಮ ಹೆಸರು ಪರದೆಯ ಮೇಲೆ ಹಾಕುತ್ತೇವೆ. ಮಾಸ್ತರರನ್ನು ಕೇಳದೆ ನಾನು “ಕೋಯೀ ಆಪತ್ತಿ ನಹೀಂ” ಎಂದು ಬರೆದುಬಿಟ್ಟೆ. ಹಿಂದಿಯಲ್ಲಿ ಆಪತ್ತಿ ಎಂದರೆ ತಕರಾರು. ಕನ್ನಡದಲ್ಲಿ ಆಪತ್ತು ಎಂದರೇನೆಂಬುದು ಆಗ ನನ್ನ ನೆನಪಿಗೆ ಬರಲಿಲ್ಲ.

ಮೀರಜದಲ್ಲಿ ಸಣ್ಣ ಗಾಡಿ ಇಳಿದು ದೊಡ್ಡ ಗಾಡಿಗೆ ಕಾಯುವಾಗ ಮಾಸ್ತರರು ಹಿಗ್ಗಿನಲ್ಲಿದ್ದರು. ಇನ್ನೊಬ್ಬ ಲೇಖಕರು ಸಿನಿಮಾಕ್ಕೆ ಕೊಟ್ಟು ತಮ್ಮ ಕತೆ ಕೆಡಿಸಿಕೊಂಡ ಸುದ್ದಿ ಹೇಳಿ, “ನೋಡೋ ಶಾಮಾ, ಪತ್ತೇದಾರಿ ಕತಿಯೊಳಗ ಕೊಲೆಗಾರನ್ನ ಬದಲಿಸಿದ್ರ ಬರೇ ಕಡೀ ಪುಟ ಬದಲಿ ಆಗೂದಿಲ್ಲ. ಮೊದಲನೇ ಪುಟದಿಂದ ಎಲ್ಲಾರೂ ಬ್ಯಾರೆ ಮಂದಿ ಆಗಿಬಿಡ್ತಾರ” ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಎದ್ದು ನೀರು ತುಂಬಿಸಿಕೊಂಡು ಬರಲು ಹೋದೆ. ಹೂಜಿಯಲ್ಲಿ ಆಗಲೇ ನೀರು ತುಂಬಿತ್ತು.

ದಾದರ್

ದಾದರ್‌ನಲ್ಲಿ ಇಳಿದು ಘಾಟ್ಕೋಪರ್‌ಗೆ ಲೋಕಲ್ ಹಿಡಿಯಬೇಕಿತ್ತು. ಇಪ್ಪತ್ತು ವರ್ಷ ಹಿಂದಿ ಕಲಿಸಿದ ನಾನು ಧೋತರ ಸರಿಪಡಿಸಿಕೊಂಡು ಒಬ್ಬರನ್ನು ನಿಲ್ಲಿಸಿ, ಮಹೋದಯ, ಘಾಟ್ಕೋಪರ್ ಜಾನೇವಾಲೀ ಗಾಡಿ ಕಿಸ್ ಮಂಚ್ ಪರ್ ಆಯೇಗೀ ಎಂದು ಕೇಳಿದೆ. ಆತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಪ್ಲಾಟ್‌ಫಾರ್ಮನ್ನು ಮಂಚ್ ಎಂದ ಇವನು ನಾಟಕದ ಕಂಪನಿಯವನೆಂದು ತಿಳಿದನೋ ಏನೋ, ನಗುತ್ತ ಹೋದ. ಇನ್ನೊಬ್ಬರಿಗೆ ಇನ್ನೂ ಶುದ್ಧವಾಗಿ ಕೇಳಿದೆ. ಅವರು ನಿಲ್ಲಲೂ ಇಲ್ಲ. ಆ ಊರಿನಲ್ಲಿ ನಿಂತು ಮಾತಾಡುವ ಪದ್ಧತಿ ಇಲ್ಲ. ನಮ್ಮಲ್ಲಿ ದಾರಿ ಕೇಳಿದರೆ ಎಲ್ಲಿಂದ ಬಂದಿರಿ, ಯಾರ ಪೈಕಿ, ಊಟ ಆಯಿತೇ ಎಂದ ಮೇಲೆ ದಾರಿ. ಇಲ್ಲಿ ಉತ್ತರ ಹೇಳುವವನು ಉತ್ತರದ ಅರ್ಧದಲ್ಲೇ ಜನರೊಳಗೆ ಮಾಯವಾಗುತ್ತಾನೆ.

ನನ್ನ ಹಿಂದೆ ನಿಂತಿದ್ದ ಮಾಸ್ತರರು ಹೂವಿನ ಬುಟ್ಟಿ ಹೊತ್ತ ಹೆಂಗಸೊಬ್ಬಳ ದನಿ ಕೇಳಿ, ಮರಾಠಿಯಲ್ಲಿ ಎರಡು ಮಾತು ಆಡಿದರು. ಆಕೆ ಬುಟ್ಟಿ ಸಮೇತ ಬಂದು ನಮ್ಮನ್ನು ಸರಿಯಾದ ಫಲಾಟಿನ ಮೇಲೆ ನಿಲ್ಲಿಸಿ, ಮುದುಕರನ್ನು ಜೋಪಾನವಾಗಿ ಹತ್ತಿಸಿ ಎಂದು ನನಗೆ ತಾಕೀತು ಮಾಡಿದಳು. ಮಾಸ್ತರರು ಏಳನೇ ತರಗತಿಯ ಮುಲ್ಕೀ ಪರೀಕ್ಷೆಯನ್ನು ಮರಾಠಿಯಲ್ಲಿ ಮುಗಿಸಿದ ಕಾಲದವರು. ಪಂಡಿತರ ಹಿಂದಿ ಊರಿಗಿಂತ ಎತ್ತರದಾಗ ಅದ ಎಂದು ಲೋಕಲ್ ತುಂಬ ನನ್ನನ್ನು ಕಾಡಿದರು. ನನಗೂ ನಗು ಬಂತು. ಆ ಮೂರು ದಿನಗಳಲ್ಲಿ ನಾನು ನಿಶ್ಚಿಂತೆಯಿಂದ ನಕ್ಕದ್ದು ಅಷ್ಟೇ.

ಘಾಟ್ಕೋಪರ್

ನಾವು ಇಳಿದುಕೊಂಡದ್ದು ಮಲ್ಲಪ್ಪನ ಖೋಲಿಯಲ್ಲಿ. ಮಲ್ಲಪ್ಪನೂ ಮಾಸ್ತರರ ಶಿಷ್ಯ, ಗದಗಿನ ಕಡೆಯವನು, ಕಟ್ಟಡದ ಕೂಲಿಗಳ ಮೇಲಿನ ಮುಕಾದಮ. ಚಾಳಿನ ಎರಡನೇ ಮಜಲೆಯಲ್ಲಿ ಉದ್ದ ಗ್ಯಾಲರಿ, ಅದಕ್ಕೆ ತಾಗಿ ಹನ್ನೆರಡು ಬಾಗಿಲು. ಯಾರ ಮನೆಯಲ್ಲಿ ಏನು ಒಗ್ಗರಣೆ ಬಿತ್ತೆಂದು ಹನ್ನೆರಡು ಮನೆಗೂ ತಿಳಿಯುತ್ತದೆ. ಗೋಡೆ ಇದ್ದೂ ಇಲ್ಲದ ಊರು ಅದು. ನಮ್ಮ ವಾಡೆಗಳಲ್ಲಿ ಒಂದು ಗುಟ್ಟನ್ನು ಮೂರು ತಲೆಮಾರು ಇಟ್ಟುಕೊಳ್ಳುತ್ತಿದ್ದರು. ನನಗೆ ಒಂದು ಗುಟ್ಟನ್ನು ಮೂರು ದಿನ ಇಟ್ಟುಕೊಳ್ಳಲು ಆ ಖೋಲಿಯಲ್ಲಿ ಜಾಗ ಸಾಲಲಿಲ್ಲ.

ಮಲ್ಲಪ್ಪ ಸಿನಿಮಾವನ್ನು ಹಿಂದಿನ ಭಾನುವಾರವೇ ನೋಡಿದ್ದ. ಮಾಸ್ತರರು ಅವನ ಕಡೆ ವಾಲಿ, ಹೇಗಿದೆ ಎಂದು ಕೇಳಿದರು. ನಾನು ಅವರ ಬೆನ್ನ ಹಿಂದೆ ನಿಂತು ಮಲ್ಲಪ್ಪನಿಗೆ ಕೈಸನ್ನೆ, ಕಣ್ಸನ್ನೆ ಎಲ್ಲ ಮಾಡಿದೆ. ಕುರುಡರ ಎದುರು ಸನ್ನೆ ಮಾಡುವವನಷ್ಟು ನೀಚ ಇನ್ನಿಲ್ಲ ಎಂದು ಆಗಲೇ ಅನ್ನಿಸಿತ್ತು. ಮಲ್ಲಪ್ಪ ಪಾಪ ಭೋಳೆ ಮನುಷ್ಯ, ಕಸಿವಿಸಿಗೊಂಡು, “ಹಾಡು ಭಾಳ ಛಲೋ ಅದಾವ್ರಿ ಸರ” ಎಂದ. ಮಾಸ್ತರರು ನಕ್ಕರು. ಕೊಲೆಯ ಕತೆಯಲ್ಲಿ ಹಾಡೂ ಇದೆಯೇ, ಇರಲಿ, ಹಾಡಿನವರೂ ಹೊಟ್ಟೆ ಹೊರಕೊಳ್ಳಬೇಕಲ್ಲ ಎಂದರು. ಆಮೇಲೆ ಮಲ್ಲಪ್ಪ ನನ್ನನ್ನು ಗ್ಯಾಲರಿಗೆ ಕರೆದು, ಈಗಲೇ ಹೇಳಿಬಿಡುವುದು ಒಳ್ಳೆಯದು ಎಂದ. ಸಿನಿಮಾ ನೋಡಿದ ಮೇಲೆ ಹೇಳುತ್ತೇನೆ ಎಂದೆ. ಹಾಗೆಂದರೇನೆಂದು ನನಗೂ ತಿಳಿದಿರಲಿಲ್ಲ.

ಸಯನ್

ಮರುದಿನ ಮ್ಯಾಟಿನಿಗೆ ಮುಂಚೆ ಸಯನ್‌ನಲ್ಲಿ ಒಂದು ಹೋಟೆಲಿಗೆ ಹೋದೆವು. ಯಜಮಾನರು ಉಡುಪಿ ಕಡೆಯವರು, ಹಣ ಎಣಿಸುವ ಗಲ್ಲೆಯ ಮೇಲೆ ಕೂತಿದ್ದರು. ಮಾಸ್ತರರ ಕನ್ನಡ ಕೇಳಿ ಧಾರವಾಡದವರೋ ಎಂದು ಮಾತಿಗೆ ಬಂದರು. ಇವರೇ ಆ ಕಾದಂಬರಿಯವರು ಎಂದು ನಾನು ಹೇಳಿದ ಮೇಲೆ ಗಲ್ಲೆ ಬಿಟ್ಟು ಇಳಿದು ಬಂದು ನಮ್ಮ ಮೇಜಿನ ಹತ್ತಿರ ನಿಂತರು. ಹುಡುಗನಾಗಿದ್ದಾಗ ಓದಿದ್ದರಂತೆ. ಕೊಲೆಗಾರ ಯಾರೆಂದು ಎಷ್ಟನೇ ಪುಟಕ್ಕೆ ತಿಳಿಯಿತು ಎಂದು ಮಾಸ್ತರರು ಕೇಳಿದರು. ಓದಿದವರನ್ನೆಲ್ಲ ಅವರು ಕೇಳುತ್ತಿದ್ದ ಪ್ರಶ್ನೆ ಅದು. ಎಲ್ಲರೂ ಕಡೆಯ ಪುಟ ಎನ್ನಬೇಕು, ಇವರು ಮೀಸೆಯಡಿ ನಗಬೇಕು.

“ಒಂದನೇ ಪುಟದಲ್ಲೇ ಗೊತ್ತಾಯ್ತು ಮಾರಾಯ್ರೆ,” ಎಂದರು ಹೋಟೆಲಿನವರು. “ನಮ್ಮಲ್ಲಿ ಮಾವ ಅಂದ್ರೆ ಅಮ್ಮನ ತಮ್ಮನೇ. ಮನೆ ಯಜಮಾನ್ಕೆ ಅವರದ್ದೇ ಅಲ್ವಾ? ದೇಸಾಯರನ್ನು ಯಾಕೆ ಹಿಡಿದ್ರು ಅಂತಲೇ ನಂಗೆ ಅರ್ಥ ಆಗ್ಲಿಲ್ಲ.”

ಮಾಸ್ತರರ ಮುಖ ಒಂದು ಗಳಿಗೆ ಬಿದ್ದುಹೋಯಿತು. ನಲವತ್ತು ವರ್ಷದಲ್ಲಿ ಮೊದಲ ಸೋಲು. ಆಮೇಲೆ ಅವರು ಮೇಜು ಕುಟ್ಟಿಕೊಂಡು ನಕ್ಕದ್ದನ್ನು ನೋಡಬೇಕಿತ್ತು. ಘಟ್ಟ ಇಳಿದರೆ ತಮ್ಮ ಪುಸ್ತಕ ನಪಾಸು ಎಂದು ಅವರೇ ಒಪ್ಪಿಕೊಂಡರು. ಅಳಿಯಸಂತಾನದ ನಾಡಿಗೆ ಬೇರೆ ದಾರಿ ಹೂಡಬೇಕಾಗಿತ್ತು, ಕೊಲೆಗಾರ ಅವನೇ ಇರಬೇಕು, ಅವನ ಮನೆಗೆ ಹೋಗುವ ದಾರಿ ಊರಿಗೊಂದು ಇದ್ದರೂ ನಡೆಯುತ್ತದೆ ಎಂದು ಕಾಫಿ ಆರುವ ತನಕ ಅದನ್ನೇ ಹೇಳಿದರು. ಹೋಟೆಲಿನವರು ಇನ್ನೊಂದು ಸಲ ಬಿಸಿ ಕಾಫಿ ಕಳಿಸಿದರು.

ಆಗ ಹೇಳಬಹುದಿತ್ತು. ಅವರ ಮನಸ್ಸು ಅಷ್ಟು ತೆರೆದದ್ದನ್ನು ನಾನು ಮತ್ತೆ ನೋಡಲಿಲ್ಲ. ಸರ, ಸಿನಿಮಾದವರಿಗೆ ದಾರಿ ಸಿಗಲಿಲ್ಲ, ನಾನೂ ಹುಡುಕಲಿಲ್ಲ, ಎಂಬ ಎರಡು ವಾಕ್ಯ ನಾಲಿಗೆಯ ತುದಿಗೆ ಬಂದಿದ್ದವು. ಆಟ ಶುರುವಾಗುವ ಹೊತ್ತಾಯಿತು ಎಂದು ಎದ್ದುಬಿಟ್ಟೆ.

ಮ್ಯಾಟಿನಿ

ಚಿತ್ರದ ಹೆಸರು ಹೇಳುವುದಿಲ್ಲ, ಮರೆತವರು ಮರೆತಿರಲಿ. ಪರದೆಯ ಮೇಲೆ ಮೊದಲು ಹಿಮದ ಬೆಟ್ಟ ಕಾಣಿಸಿತು. ಧಾರವಾಡದ ಓಣಿ ಅಲ್ಲಿಗೇ ಮುಗಿಯಿತು. ಹೆಸರುಗಳು ಬಂದವು. ಮಾಸ್ತರರ ಹೆಸರು ಕುಣಿತ ಕಲಿಸಿದವರ ಹೆಸರಿನ ಹಿಂದೆ ಬಂದು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು. ನನ್ನದು ಬರಲೇ ಇಲ್ಲ.

“ನಿನ್ನ ಹೆಸರು ಬಂತೇನೋ?” ಎಂದರು ಮಾಸ್ತರರು.

ಬಂತು ಎಂದೆ. ಅವರು ಕತ್ತಲಲ್ಲಿ ನನ್ನ ಕೈ ಹುಡುಕಿ ಹಿಡಿದು ಒತ್ತಿದರು. ತಮ್ಮ ಹೆಸರು ಬಂತೋ ಇಲ್ಲವೋ ಕೇಳಲಿಲ್ಲ. ಆ ಕೈಯನ್ನು ಬಿಡಿಸಿಕೊಳ್ಳಲೂ ಆಗದೆ, ಹಿಡಿದುಕೊಳ್ಳಲೂ ಆಗದೆ ಕೂತೆ.

ಅಲ್ಲಿಂದ ಮುಂದೆ ನಾನು ಮಾಡಿದ್ದನ್ನು ಬೇರೆ ಯಾವ ಅನುವಾದಕನೂ ಮಾಡಿರಲಾರ. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಪರದೆ ಒಂದು ಕಡೆ ಎಳೆಯಿತು, ನಾನು ಇನ್ನೊಂದು ಕಡೆ. ಅವರ ಕಿವಿಯ ಹತ್ತಿರ ಬಾಗಿ, ಅವರ ಕಾದಂಬರಿಯನ್ನೇ ಅವರಿಗೆ ಹೇಳತೊಡಗಿದೆ. ಅನುವಾದಕ್ಕಾಗಿ ಅಷ್ಟು ಸಲ ಓದಿದ್ದರಿಂದ ಬಾಯಿಪಾಠವಾಗಿತ್ತು. ಪರದೆಯಲ್ಲಿ ಇಪ್ಪತ್ತೈದರ ಚೆಲುವ ಮೋಟಾರ್ ಸೈಕಲ್ ಮೇಲೆ ಹಾಡುತ್ತ ಬಂದ. ಶಿರಸ್ತೇದಾರ ಬಂದ ಎಂದೆ. ಇದೇನು ಸಪ್ಪಳ ಎಂದು ಕೇಳಿದರು. ಓಣಿಯಲ್ಲಿ ಯಾರದೋ ಗಾಡಿ ಎಂದೆ.

“ಅಂವಾ ಕೆಮ್ಮೋದು ಕೇಳಸವಲ್ದಲ್ಲ?”

“ಸ್ವಲ್ಪ ಆರಾಮ ಆಗ್ಯಾನ್ರಿ ಸರ.”

ಸಾಯುವವನು ಪಿಯಾನೋದ ಮೇಲೆ ಬಿದ್ದ. ಕೊಲೆಗಾರನ ಕೋಟಿನ ಗುಂಡಿ ಅವನ ಮುಷ್ಟಿಯಲ್ಲಿತ್ತು. ತುಟಿ ಎರಡು ಮಾಡದೆ ಸತ್ತ. ಈಗ ಮಾವ ಅಂದ ಎಂದೆ. ಕೇಳಲಿಲ್ಲವಲ್ಲ ಎಂದರು ಮಾಸ್ತರರು. ಸಾಯುವ ಮನುಷ್ಯ, ಸಣ್ಣ ದನಿಯಲ್ಲಿ ಅಂದ ಎಂದೆ. ಹೌದು, ಹಾಗೇ ಇರಬೇಕು ಎಂದು ತಲೆದೂಗಿದರು. ಹಿಂದಿನ ಸಾಲಿನವನು ನನ್ನ ಭುಜ ತಟ್ಟಿ, ಚಾಚಾ, ಕಹಾನಿ ಘರ್ ಜಾಕೆ ಸುನಾನಾ, ಕತೆ ಮನೆಗೆ ಹೋಗಿ ಹೇಳು, ಎಂದ. ದನಿ ಇನ್ನೂ ತಗ್ಗಿಸಿದೆ. ಎರಡೂವರೆ ತಾಸಿನಲ್ಲಿ ಪರದೆಯ ಬಗ್ಗೆ ಒಂದು ನಿಜ ಹೇಳಲಿಲ್ಲ, ಕಾದಂಬರಿಯ ಒಂದು ಮಾತು ತಪ್ಪಿಸಲಿಲ್ಲ. ಮೂಲಕ್ಕೆ ಅಷ್ಟು ನಿಷ್ಠನಾಗಿ ನಾನು ಮತ್ತೆಂದೂ ಇರಲಿಲ್ಲ.

ಕಡೆಗೆ ಚೆಲುವ ಎಲ್ಲರನ್ನೂ ಒಂದು ಹಾಲಿನಲ್ಲಿ ನಿಲ್ಲಿಸಿ, ಬೆರಳು ತೋರಿಸಿ, ಗೋಡೆ ಬಿರಿಯುವಂತೆ ಡಾಕ್ಟರ್ ಎಂದು ಕೂಗಿದ. ಥಿಯೇಟರಿನ ತುಂಬ ಶಿಳ್ಳೆ. ಆ ಒಂದು ಶಬ್ದಕ್ಕೆ ಅನುವಾದ ಬೇಕಿರಲಿಲ್ಲ.

“ಡಾಕ್ಟರ್ ಅಂದ್ನಲ್ಲೋ?”

“ಮಾವಗ ಎದಿ ನೋವು ಬಂತ್ರಿ. ಡಾಕ್ಟರನ್ನ ಕರೀರಿ ಅಂದ.”

“ಪುಸ್ತಕದಾಗ ಎದಿ ನೋವು ಇಲ್ಲ.”

ಅದೊಂದು ಸೇರಿಸಿದ್ದಾರೆ ಎಂದೆ. ಮಾಸ್ತರರು ಅಡ್ಡಿಯಿಲ್ಲ ಎಂದರು. ಹೊರಗೆ ಬಂದ ಮೇಲೆ ಅವರು ಬಹಳ ಮಾತಾಡಲಿಲ್ಲ. ಬಿಸಿಲಿಗೆ ಕಣ್ಣು ನೋಯುತ್ತದೆ ಎಂದರು. ಅವರು ನಂಬಿದರೆಂದು ನಾನು ನಂಬಿದೆ. ಪಾಪ ಮಾಡಿದವನಿಗೆ ಅಷ್ಟು ಬೇಗ ನಂಬಿಕೆ ಬರುತ್ತದೆ.

ಮತ್ತೆ ಘಾಟ್ಕೋಪರ್

ಮೂರನೆಯ ದಿನ ಬೆಳಿಗ್ಗೆ ಮಾಸ್ತರರು ಗ್ಯಾಲರಿಯಲ್ಲಿ ಸ್ಟೂಲಿನ ಮೇಲೆ ಕೂತು ಪಕ್ಕದ ಖೋಲಿಯ ಮರಾಠಿ ಮುದುಕರ ಜೊತೆ ಹರಟುತ್ತಿದ್ದರು. ನಾನು ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತಿದ್ದೆ. ಒಳಗಿನಿಂದ ಒಬ್ಬ ತರುಣಿ ಎರಡು ಕಪ್ಪು ತಂದು, “ಮಾಮಾ, ಚಹಾ” ಎಂದು ಆ ಮುದುಕರಿಗೊಂದು, ಮಾಸ್ತರರಿಗೊಂದು ಕೊಟ್ಟಳು. ಸೌಜನ್ಯಕ್ಕೆ ನಾನು ನನ್ನ ಹಿಂದಿಯಲ್ಲಿ, ಇವರು ನಿಮ್ಮ ತಾಯಿಯ ತಮ್ಮನೇ ಎಂದು ಕೇಳಿದೆ. ಆಕೆ ಸೆರಗು ಬಾಯಿಗೆ ಹಿಡಿದು ನಕ್ಕಳು. ತನ್ನ ಗಂಡನ ತಂದೆ ಎಂದಳು. ಮುದುಕರೂ ನಗುತ್ತ, ನಮ್ಮಲ್ಲಿ ಸೊಸೆಯೂ ಮಾಮಾ ಅನ್ನುತ್ತಾಳೆ, ಅಳಿಯನೂ ಮಾಮಾ ಅನ್ನುತ್ತಾನೆ, ಅಕ್ಕನ ಮಕ್ಕಳು ಅನ್ನುವುದಂತೂ ಇದ್ದೇ ಇದೆ ಎಂದರು.

ಕೈಯಲ್ಲಿದ್ದ ಬಟ್ಟೆ ಹಾಗೇ ಉಳಿಯಿತು. ಎರಡು ವರ್ಷ ಸಿಗದ ದಾರಿ ಚಹಾದ ಕಪ್ಪಿನ ಜೊತೆ ಬಂದಿತ್ತು. ಕತೆಯನ್ನು ಒಂದು ಮರಾಠಿ ಮನೆಯಲ್ಲಿಟ್ಟರೆ ಸಾಕಿತ್ತು. ಮೊದಲ ದೃಶ್ಯದಲ್ಲೇ ಮನೆಯ ಸೊಸೆ ಮಾವನಿಗೆ ಮಾಮಾ ಎಂದು ಚಹಾ ಕೊಟ್ಟರೆ ಆ ಶಬ್ದಕ್ಕೆ ಎರಡು ಅರ್ಥವೆಂದು ಅಸ್ಸಾಮಿನಿಂದ ಬಂದವನಿಗೂ ತಿಳಿಯುತ್ತಿತ್ತು. ಮುಂಬೈಯಲ್ಲೇ ತಯಾರಾಗುವ ಚಿತ್ರ, ಅದಕ್ಕೆ ಹಿಮದ ಬೆಟ್ಟ ಯಾಕೆ ಬೇಕಿತ್ತು? ನನಗೆ ಈ ರೂಢಿ ತಿಳಿಯದ್ದೂ ಅಲ್ಲ. ಧಾರವಾಡದ ನಮ್ಮ ಓಣಿಯಲ್ಲಿ ಅರ್ಧ ಮಂದಿ ಮರಾಠಿಯವರು. ಹುಡುಕಿದ್ದರೆ ಸಿಗುತ್ತಿತ್ತು. ಪರದೆಯ ಮೇಲೆ ನನ್ನ ಹೆಸರು ಕಾಣುತ್ತದೆಂದು ತಿಳಿದ ದಿನವೇ ಹುಡುಕುವುದನ್ನು ಬಿಟ್ಟಿದ್ದೆ.

ಆದರೆ ಆ ಗಳಿಗೆಯಲ್ಲಿ ನನಗೆ ಇದ್ಯಾವುದರ ನಾಚಿಕೆ ಬರಲಿಲ್ಲ. ಕಠಿಣ ಲೆಕ್ಕ ಬಿಡಿಸಿದ ಹುಡುಗ ಮಾಸ್ತರರ ಮೇಜಿಗೆ ಓಡುತ್ತಾನಲ್ಲ, ಹಾಗೆ ಓಡಿದೆ.

“ಸರ, ಕತಿ ಮರಾಠಿ ಮಂದಿ ಮನಿಯೊಳಗ ಇಟ್ಟಿದ್ರ ಮಾವ ಉಳೀತಿದ್ದಾ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾಸ್ತರರು ಕಪ್ಪನ್ನು ತಡವರಿಸಿ ಕೆಳಗಿಟ್ಟು ನನ್ನ ದನಿಯ ಕಡೆ ಮುಖ ತಿರುಗಿಸಿದರು.

“ಅಂದ್ರ, ಸಿನಿಮಾದಾಗ ಮಾವ ಉಳದಿಲ್ಲ.”

ಅವರು ದನಿ ಏರಿಸಲಿಲ್ಲ, ಅವಸರ ಮಾಡಲಿಲ್ಲ, ಒಂದೊಂದಾಗಿ ಕೇಳುತ್ತ ಹೋದರು. ಕೊಂದವನು ಯಾರು? ಡಾಕ್ಟರ್. ಸಾಯುವವನು ಏನಂದ? ಏನೂ ಇಲ್ಲ. ಹೀಗೆ ಮಾಡಲು ಒಪ್ಪಿಗೆ ಕೊಟ್ಟವರು ಯಾರು? ನಾನು. ಯಾಕೆ? ನೀವು ಬೇಡ ಎಂದರೆ ನನ್ನ ಹೆಸರು ಹೋಗುತ್ತಿತ್ತು ಎಂದೆ. ನಿನ್ನ ಹೆಸರು ನಿಜವಾಗಿ ಬಂದಿತ್ತೇ ಎಂದು ಕೇಳಿದರು. ಇಲ್ಲ ಎಂದೆ. ಮರಾಠಿ ಮುದುಕರಿಗೆ ಕನ್ನಡ ತಿಳಿಯದಿದ್ದರೂ ಮೆಲ್ಲನೆ ಎದ್ದು ಒಳಗೆ ಹೋದರು.

ಮಾಸ್ತರರು, “ಎರಡು ಓಣಿ ದಾಟಿ ನಮ್ಮ ಮನಿಗೆ ಬಂದು ಕೇಳಬೇಕಿತ್ತೋ ಶಾಮಾ,” ಎಂದರು. “ನನಗ ಮರಾಠಿ ಬರತದಲ್ಲ.”

ವಿ.ಟಿ.

ಮಲ್ಲಪ್ಪ ಕೆಲಸಕ್ಕೆ ರಜೆ ಹಾಕಿ ವಿ.ಟಿ. ಸ್ಟೇಷನ್ನಿನವರೆಗೆ ಕಳಿಸಲು ಬಂದ. ಗಾಡಿಗೆ ಇನ್ನೂ ಎರಡು ತಾಸಿತ್ತು. ಕಡಲು ಇಲ್ಲೇ ಹತ್ತಿರ, ಟ್ಯಾಕ್ಸಿಯಲ್ಲಿ ತೋರಿಸಿಕೊಂಡು ಬರುತ್ತೇನೆ ಎಂದ. ಮಾಸ್ತರರು ನನಗೇನು ಕಾಣುತ್ತದೆ, ನೀವಿಬ್ಬರು ಹೋಗಿ ಬನ್ನಿ ಎಂದರು. ನಾನು ಹೋಗಲಿಲ್ಲ. ಮಲ್ಲಪ್ಪನಿಗೆ ಏನು ನಡೆದಿದೆ ಎಂದು ತಿಳಿದಿತ್ತು. ಅವನು ಮೋಸಂಬಿ ಸುಲಿದು ನಮ್ಮಿಬ್ಬರಿಗೂ ಬಿಡಿಸಿಕೊಡುತ್ತ, ಊರಿನ ಮಳೆ ಬೆಳೆ ಮಾತಾಡುತ್ತ ಆ ಎರಡು ತಾಸು ಕಳೆದ.

ಗಾಡಿ ಬಂದಾಗ ನಾನು ಮುಂದೆ ಹತ್ತಿ ಹಲಗೆಯ ಮೇಲೆ ಜಮಖಾನೆ ಹಾಸಿದೆ. ಬರುವಾಗ ಮಾಸ್ತರರು ಕಿಟಕಿಯ ಪಕ್ಕ ಕೂತಿದ್ದರು. ಮುಖದ ಮೇಲೆ ಬೆಳಕು ಬಂದು ಹೋಗುವುದು ಅವರಿಗೆ ಇಷ್ಟ. ಆ ಜಾಗ ಬಿಟ್ಟು ಈಚೆ ಕೂತು ಅವರ ಕೈ ಹಿಡಿಯಲು ಹೋದೆ. ಅವರು ಮೇಲಿನ ಹಲಗೆಯ ಸರಪಳಿ ಹಿಡಿದು ನಿಂತೇ ಇದ್ದರು.

“ಶಾಮರಾಯರ, ಕಿಡಕಿ ಕಡೆ ನೀವು ಕೂಡ್ರಿ.”

ಬೇರೆ ಯಾರೋ ಶಾಮರಾಯರು ಹತ್ತಿದರೇನೋ ಎಂದು ನಾನು ಹಿಂದೆ ತಿರುಗಿ ನೋಡಿದೆ. ಡಬ್ಬಿಯಲ್ಲಿ ಆಗ ನಾವಿಬ್ಬರೇ ಇದ್ದೆವು.

ಊರಿಗೆ ಬಂದ ಮೇಲೆ ಮಾಸ್ತರರು ನಾಲ್ಕು ವರ್ಷ ಇದ್ದರು. ಒಂದು ದಿನವೂ ಬೈಯಲಿಲ್ಲ, ಸಿನಿಮಾದ ಮಾತೆತ್ತಲಿಲ್ಲ. ಹೋದಾಗಲೆಲ್ಲ ಬರ್ರಿ, ಕೂಡ್ರಿ, ಚಹಾ ತೊಗೊಳ್ರಿ ಎಂದು ಉಪಚಾರ ಮಾಡಿದರು. ನನ್ನನ್ನು ಏನೋ ಶಾಮಾ ಎಂದು ಕರೆಯುವವರು ಭೂಮಿಯ ಮೇಲೆ ಅವರೊಬ್ಬರೇ ಉಳಿದಿದ್ದರು.